ಅಪ್ಪನ ಪ್ಲೇಟುಗಳಿಗೆ ಒಂದು ಮುಳ್ಳು

ಧಾರವಾಡದ ಮನೆ ಖಾಲಿ ಮಾಡುವಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ಅಪ್ಪನ ಗ್ರಾಮಫೋನ್ ಪ್ಲೇಟುಗಳು ಸಿಕ್ಕವು. ಎಣಿಸಿದರೆ ಎಪ್ಪತ್ತೆರಡು. ಅರ್ಧದಷ್ಟು ಹಿಂದೂಸ್ತಾನಿ ಎಲ್‌ಪಿಗಳು: ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಉಳಿದವು ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಹಾಡಿದ ಚಿತ್ರಗೀತೆಗಳ ಏಳಿಂಚಿನ ಇಪಿಗಳು. ಪ್ರತಿ ಕವರಿನ ಹಿಂದೆ ಅಪ್ಪನ ಅಕ್ಷರದಲ್ಲಿ ಕೊಂಡ ತಾರೀಖು. ತಳದಲ್ಲಿ ಬಟ್ಟೆ ಸುತ್ತಿಟ್ಟ ಮೂರು ಅರಗಿನ ಪ್ಲೇಟುಗಳು, ನಿಮಿಷಕ್ಕೆ 78 ಸುತ್ತಿನ ವೇಗದವು.

ಅವನ್ನು ಮೈಸೂರಿಗೆ ತಂದೆ. ಬೆಂಗಳೂರಿನಲ್ಲಿ ಒಬ್ಬರ ಹತ್ತಿರ ಟೆಕ್ನಿಕ್ಸ್‌ನ ಹಳೆಯ ಡೈರೆಕ್ಟ್ ಡ್ರೈವ್ ಟರ್ನ್‌ಟೇಬಲ್, ಅಂದರೆ ಬೆಲ್ಟಿಲ್ಲದೆ ಮೋಟರೇ ನೇರವಾಗಿ ಪ್ಲೇಟು ತಿರುಗಿಸುವ ಯಂತ್ರ, ಸಿಕ್ಕಿತು. ಇಂಗ್ಲಿಷಿನ ಎಸ್ ಅಕ್ಷರದಂತೆ ಬಾಗಿದ ಆರ್ಮ್ (ಮುಳ್ಳನ್ನು ಹೊರುವ ತೋಳು), ಅದರ ತುದಿಯಲ್ಲಿ ತಿರುಗಿಸಿ ಬಿಚ್ಚಬಹುದಾದ ಹೆಡ್‌ಶೆಲ್. ಯಂತ್ರ ಗಟ್ಟಿಮುಟ್ಟಾಗಿತ್ತು. "ಹೊಸ ಮುಳ್ಳು ಹಾಕಿದೀನಿ ಸಾರ್" ಅಂದಿದ್ದರು ಮಾರಿದವರು. ಮನೆಗೆ ತಂದು ಮೊಬೈಲ್ ಕ್ಯಾಮೆರಾವನ್ನು ಪೂರ್ತಿ ಜೂಮ್ ಮಾಡಿ ಮುಂದಿನಿಂದ ನೋಡಿದೆ. ಮುಳ್ಳನ್ನು ಹಿಡಿದಿರುವ ಕೂದಲೆಳೆಯಂಥ ಅಲ್ಯೂಮಿನಿಯಂ ಕಡ್ಡಿ, ಅಂದರೆ ಕ್ಯಾಂಟಿಲಿವರ್, ಒಂದು ಪಕ್ಕಕ್ಕೆ ವಾಲಿತ್ತು. ಅಂಥ ಮುಳ್ಳನ್ನು ಅಪ್ಪನ ಪ್ಲೇಟಿನ ಮೇಲೆ ಇಳಿಸಲು ಮನಸ್ಸು ಬರಲಿಲ್ಲ. ಹಳೆಯ ಟರ್ನ್‌ಟೇಬಲ್ ಕೊಳ್ಳುವವರು ಎಲ್ಲಕ್ಕಿಂತ ಮೊದಲು ಈ ಕಡ್ಡಿಯನ್ನು ನೋಡಬೇಕು. ಮುಂದಿನಿಂದ ನೋಡಿದಾಗ ಅದು ಕಾರ್ಟ್ರಿಡ್ಜಿನ, ಅಂದರೆ ಮುಳ್ಳಿನ ಅಲುಗಾಟವನ್ನು ವಿದ್ಯುತ್ತಾಗಿಸುವ ಪುಟ್ಟ ಡಬ್ಬಿಯ, ನಡುಗೆರೆಗೆ ನೇರವಾಗಿರಬೇಕು.

ಕೈಯಲ್ಲಿದ್ದದ್ದು ಏಳು ಸಾವಿರ ರೂಪಾಯಿ. ಆಯ್ಕೆಗೆ ಕೂರುವ ಮುಂಚೆ ನಾನು ಕೇಳುವುದು ಏನು ಅಂತ ಯೋಚಿಸಿದೆ. ಇಲ್ಲೇ ನನಗೆ ಒಂದು ವಿಷಯ ಹೊಳೆಯಿತು. ಎಲ್‌ಪಿ ಒಂದೇ ವೇಗದಲ್ಲಿ, ನಿಮಿಷಕ್ಕೆ ಮೂವತ್ತಮೂರೂ ಕಾಲು ಚಿಲ್ಲರೆ ಸುತ್ತು ತಿರುಗುತ್ತದೆ. ಆದರೆ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಉದ್ದದಷ್ಟು ಸದ್ದು ಕೆತ್ತಿದ ಗೆರೆ ಹಾದುಹೋದರೆ, ಒಳಗಿನ ಕೊನೆಯಲ್ಲಿ ಬರೀ 21 ಸೆಂಟಿಮೀಟರ್. ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿಕೊಂಡಿರುತ್ತದೆ. ನಮ್ಮ ಖಯಾಲ್ ನೋಡಿ: ಉಸಿರಾಡಲು ಜಾಗವಿರುವ ಹೊರ ಅಂಚಿನಲ್ಲಿ ವಿಲಂಬಿತ ನಿಧಾನವಾಗಿ ಬಿಡಿಸಿಕೊಳ್ಳುತ್ತದೆ, ದ್ರುತ ಮತ್ತು ತಾನುಗಳು (ವೇಗದ ಸ್ವರಸಾಲುಗಳು) ಬರುವ ಹೊತ್ತಿಗೆ ಗೆರೆ ಇಕ್ಕಟ್ಟಾಗಿರುತ್ತದೆ. ಮುಳ್ಳಿಗೆ ಅತಿ ಕಷ್ಟದ ಕೆಲಸ ಅತಿ ಕಡಿಮೆ ಜಾಗದಲ್ಲಿ. ಹಾಗಾಗಿ ನನ್ನ ಕಾರ್ಟ್ರಿಡ್ಜ್ ಎಲ್‌ಪಿಯ ಮೊದಲ ಐದು ನಿಮಿಷದಲ್ಲಿ ಹೇಗೆ ಕೇಳಿಸುತ್ತದೆ ಅನ್ನುವುದಕ್ಕಿಂತ ಕೊನೆಯ ಐದು ನಿಮಿಷದಲ್ಲಿ ಹೇಗೆ ನಿಭಾಯಿಸುತ್ತದೆ ಅನ್ನುವುದೇ ನನಗೆ ಮುಖ್ಯವಾಯಿತು.

ಗುಂಡು ತುದಿಯ ಮುಳ್ಳು ಒಳಗಿನ ಗೆರೆಯ ಸಣ್ಣ ತಿರುವುಗಳಲ್ಲಿ ಪೂರ್ತಿ ಇಳಿಯುವುದಿಲ್ಲ. ಅಂಡಾಕಾರದ ತುದಿ, ಅಂದರೆ ಎಲಿಪ್ಟಿಕಲ್, ಪಕ್ಕದಿಂದ ತೆಳುವಾಗಿರುವುದರಿಂದ ಆ ತಿರುವುಗಳನ್ನು ಚೆನ್ನಾಗಿ ಹಿಂಬಾಲಿಸುತ್ತದೆ. ಅಗ್ಗದ ಟರ್ನ್‌ಟೇಬಲ್‌ಗಳಲ್ಲಿ ಕಾಣುವ ಆಡಿಯೋ-ಟೆಕ್ನಿಕಾದ ಎಟಿ3600ಎಲ್ ನನ್ನ ಪಟ್ಟಿಯಲ್ಲಿತ್ತು. ಬಾಳಿಕೆ ಬರುವ ವಸ್ತು, ಆದರೆ ತುದಿ ಗುಂಡು, ಮುಳ್ಳು ಪ್ಲೇಟಿನ ಮೇಲೆ ಊರುವ ಭಾರ 2.5ರಿಂದ 3.5 ಗ್ರಾಂ ಬೇಕು. ಆರ್ಟೋಫಾನ್‌ನ 2ಎಂ ರೆಡ್ ಇಷ್ಟವಾಯಿತು, ಆದರೆ ಕೈಯಲ್ಲಿದ್ದ ದುಡ್ಡಿಗೆ ನಿಲುಕಲಿಲ್ಲ. ಕೊನೆಗೆ ಎಟಿ-ವಿಎಂ95ಇ ತರಿಸಿದೆ. ಅಂಡಾಕಾರದ ತುದಿ, 2 ಗ್ರಾಂ ಭಾರ, 4 ಮಿಲಿವೋಲ್ಟ್ ಔಟ್‌ಪುಟ್. ನಿಜವಾಗಿ ಮನಸ್ಸು ಗೆದ್ದದ್ದು ಇನ್ನೊಂದು ಗುಣ: ಇದರ ಮೈ ಒಂದೇ, ಮುಳ್ಳು ಮಾತ್ರ ಎಳೆದು ಬದಲಿಸಬಹುದು. ಗುಂಡು ತುದಿ, ಅಂಡಾಕಾರ, ಇನ್ನೂ ಸೂಕ್ಷ್ಮವಾದ ಮೈಕ್ರೋಲೀನಿಯರ್ ಮತ್ತು ಶಿಬಾಟಾ, 78ರ ಪ್ಲೇಟಿಗೆ ದಪ್ಪ ತುದಿ, ಎಲ್ಲವೂ ಇದೇ ಮೈಗೆ ಕೂರುತ್ತವೆ. ಬಗೆಬಗೆಯ ಪ್ಲೇಟುಗಳಿರುವ ನನ್ನಂಥವರಿಗೆ ಇದು ದೊಡ್ಡ ಅನುಕೂಲ.

ಆರ್ಮಿಗೂ ಕಾರ್ಟ್ರಿಡ್ಜಿಗೂ ಹೊಂದಾಣಿಕೆ ಆಗುತ್ತದೆಯೇ ಅನ್ನುವ ಲೆಕ್ಕವನ್ನೂ ಹಾಕಿದೆ. ಹೆಡ್‌ಶೆಲ್ ಸೇರಿ ಮುಳ್ಳಿನ ತುದಿಗೆ ತಟ್ಟುವ ಆರ್ಮಿನ ತೂಕ (ಎಫೆಕ್ಟಿವ್ ಮಾಸ್) ಸುಮಾರು 12 ಗ್ರಾಂ, ಕಾರ್ಟ್ರಿಡ್ಜ್ 6.1, ಸ್ಕ್ರೂ ಅರ್ಧ ಗ್ರಾಂ. ಎರಡೂ ಸೇರಿ ತೂಗಾಡುವ ಆವರ್ತನ ಹತ್ತು ಹರ್ಟ್ಸ್‌ನ ಆಸುಪಾಸು ಬಂತು. 8ರಿಂದ 12ರೊಳಗೆ ಇದ್ದರೆ ಸಾಕು, ಸೊಟ್ಟಗಾದ ಪ್ಲೇಟಿನ ಏರಿಳಿತಕ್ಕೂ ಸಿಗುವುದಿಲ್ಲ, ಸಂಗೀತಕ್ಕೂ ತಾಗುವುದಿಲ್ಲ.

ಕೂರಿಸುವ ಕೆಲಸ ಭಾನುವಾರ ಬೆಳಿಗ್ಗೆ ಶುರು ಮಾಡಿದೆ. ಮೊದಲು ಮುಳ್ಳಿನ ಭಾಗವನ್ನು ಎಳೆದು ತೆಗೆದು ಡಬ್ಬಿಯಲ್ಲಿ ಮುಚ್ಚಿಟ್ಟೆ. ಸ್ಕ್ರೂಡ್ರೈವರ್ ಜಾರಿದರೆ ಬರೀ ಪ್ಲಾಸ್ಟಿಕ್‌ಗೆ ತಾಗಲಿ ಅಂತ. ಹೆಡ್‌ಶೆಲ್ಲಿನಲ್ಲಿ ನಾಲ್ಕು ತಂತಿಗಳು: ಬಿಳಿ ಎಡ, ನೀಲಿ ಎಡದ ಗ್ರೌಂಡ್, ಕೆಂಪು ಬಲ, ಹಸಿರು ಬಲದ ಗ್ರೌಂಡ್. ಹಳೆಯ ಕಾರ್ಟ್ರಿಡ್ಜಿನಿಂದ ಕ್ಲಿಪ್ಪುಗಳನ್ನು ಇಕ್ಕಳದಲ್ಲಿ ಹಿಡಿದು ಎಳೆಯುವಾಗ ನಾನು ಕ್ಲಿಪ್ಪಿನ ಬದಲು ತಂತಿಯನ್ನು ಹಿಡಿದಿದ್ದೆ. ನೀಲಿ ತಂತಿ ಕ್ಲಿಪ್ಪಿನಿಂದ ಕಿತ್ತು ಬಂತು. ನಮ್ಮ ಬೀದಿಯ ರೇಡಿಯೋ ರಿಪೇರಿಯವರ ಹತ್ತಿರ ಒಯ್ದೆ. ಅವರು ತಂತಿಯನ್ನು ಹೆಡ್‌ಶೆಲ್ಲಿನಿಂದಲೇ ಬಿಚ್ಚಿ, ಕ್ಲಿಪ್ಪನ್ನು ಬೇರೆಯಾಗಿ ಮೇಜಿನ ಮೇಲಿಟ್ಟು ಸೋಲ್ಡರ್ ಹಾಕಿದರು. "ಕಾರ್ಟ್ರಿಡ್ಜ್ ಪಿನ್ನಿಗೆ ಮಾತ್ರ ಬಿಸಿ ತಾಗಿಸ್ಬೇಡಿ ಸಾರ್. ಒಳಗಿರೋ ತಂತಿ ಕೂದಲಿಗಿಂತ ತೆಳು, ಬಿಟ್ಟೋಗುತ್ತೆ" ಅಂದರು. ಕ್ಲಿಪ್ ಸಡಿಲವಿದ್ದರೆ ಒಂದು ಹಲ್ಲುಕಡ್ಡಿಯ ಮೇಲೆ ಹಾಕಿ ಮೆಲ್ಲಗೆ ಅಮುಕಿ ಬಿಗಿ ಮಾಡಬೇಕು ಅನ್ನುವುದನ್ನೂ ಅವರೇ ತೋರಿಸಿದರು. ವಿಎಂ95ರ ಮೈಯಲ್ಲೇ ಸ್ಕ್ರೂ ಕೂರುವ ಮರೆ (ಥ್ರೆಡ್) ಇರುವುದರಿಂದ ನಟ್ಟು ಹಿಡಿದುಕೊಳ್ಳುವ ಪಾಡಿಲ್ಲ, ಮೇಲಿನಿಂದ ಸ್ಕ್ರೂ ತಿರುಗಿಸಿದರೆ ಆಯಿತು. ಮೊದಲ ಸಲಕ್ಕೆ ಅರ್ಧ ಬಿಗಿ ಸಾಕು.

ಇನ್ನು ಭಾರ. ಆರ್ಮ್ ಒಳಕ್ಕೆ ಸೆಳೆಯದಂತೆ ತಡೆಯುವ ಆಂಟಿ-ಸ್ಕೇಟ್ ಗುಂಡಿಯನ್ನು ಸೊನ್ನೆಗಿಟ್ಟು, ಆರ್ಮ್ ಗಾಳಿಯಲ್ಲಿ ತಕ್ಕಡಿಯ ದಂಡದಂತೆ ಸಮನಾಗಿ ತೇಲುವ ತನಕ ಹಿಂದಿನ ತೂಕ ತಿರುಗಿಸಿದೆ. ಆಮೇಲೆ ಡಯಲ್ ಮಾತ್ರ ಸೊನ್ನೆಗೆ ತಂದು, ತೂಕವನ್ನು 2ರ ತನಕ ತಿರುಗಿಸಿದೆ. ಡಯಲನ್ನು ನಂಬಿ ಅಲ್ಲಿಗೇ ಬಿಡಬಹುದಿತ್ತು. ಚಿನ್ನ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ ಮನೆಯಲ್ಲಿತ್ತು, ರಬ್ಬರ್ ಮ್ಯಾಟ್ ತೆಗೆದು ಅದನ್ನಿಟ್ಟು ಮುಳ್ಳು ಇಳಿಸಿದೆ. 1.68 ಗ್ರಾಂ ತೋರಿಸಿತು. ಮೂರು ಸಲ ನೋಡಿದೆ, ಅಷ್ಟೇ. ಹಳೆಯ ಯಂತ್ರಗಳ ಡಯಲ್ ಹೀಗೆ ತಪ್ಪುವುದುಂಟು. ಕಂಪನಿ ಹೇಳುವ ಮಿತಿ 1.8ರಿಂದ 2.2 ಗ್ರಾಂ. ಕಡಿಮೆ ಭಾರವಿದ್ದರೆ ಪ್ಲೇಟು ಸವೆಯುವುದಿಲ್ಲ ಅಂತ ಬಹಳ ಮಂದಿ ತಿಳಿದಿದ್ದಾರೆ, ನಾನೂ ಹಾಗೇ ತಿಳಿದಿದ್ದೆ. ಆಗುವುದು ಉಲ್ಟಾ. ಹಗುರಾದ ಮುಳ್ಳು ಜೋರಾದ ಸ್ವರ ಬಂದಾಗ ಗೆರೆಯ ಗೋಡೆ ಬಿಟ್ಟು ಎಗರಿ ಮತ್ತೆ ಅಪ್ಪಳಿಸುತ್ತದೆ, ಆ ಹೊಡೆತಕ್ಕೆ ಗೋಡೆಯೇ ಹಾಳಾಗುತ್ತದೆ. ತಕ್ಕಡಿಯಲ್ಲಿ 2.00 ಬರುವ ತನಕ ತಿರುಗಿಸಿದೆ. ಇಷ್ಟೆಲ್ಲದರಲ್ಲಿ ಒಂದೇ ಒಂದು ಸಾಧನಕ್ಕೆ ದುಡ್ಡು ಹಾಕುವುದಾದರೆ ಯಾವುದಕ್ಕೆ ಅಂತ ಯಾರಾದರೂ ಕೇಳಿದರೆ ಈ ತಕ್ಕಡಿಗೆ ಹಾಕಿ ಅನ್ನುತ್ತೇನೆ.

ದಿನವೆಲ್ಲ ಹಿಡಿದದ್ದು ನೇರ ಕೂರಿಸುವ ಕೆಲಸ. ಪ್ಲೇಟು ಕೆತ್ತುವ ಯಂತ್ರದ ಮೊನೆ ಅಂಚಿನಿಂದ ನಡುವಿಗೆ ಸರಳರೇಖೆಯಲ್ಲಿ ಸಾಗುತ್ತದೆ, ನಮ್ಮ ಆರ್ಮ್ ಬಾಗಿಲಿನಂತೆ ಒಂದು ಕೀಲಿನ ಮೇಲೆ ತಿರುಗುತ್ತದೆ. ಹಾಗಾಗಿ ಇಡೀ ಪ್ಲೇಟಿನಲ್ಲಿ ಎರಡೇ ಜಾಗದಲ್ಲಿ ಮುಳ್ಳು ಗೆರೆಗೆ ನೂರಕ್ಕೆ ನೂರು ನೇರವಾಗುತ್ತದೆ. ಆ ಎರಡು ಜಾಗ ಎಲ್ಲಿರಬೇಕು ಅನ್ನುವುದನ್ನು ಕೂರಿಸುವವರೇ ನಿರ್ಧರಿಸಬೇಕು. ಹೆಚ್ಚು ಬಳಕೆಯಲ್ಲಿರುವ ಬೇರ್‌ವಾಲ್ಡ್ ಕ್ರಮದಲ್ಲಿ ಅವು ನಡುವಿನಿಂದ 66 ಮತ್ತು 121 ಮಿ.ಮೀ. ದೂರದಲ್ಲಿ. ಟೆಕ್ನಿಕ್ಸ್ ಕ್ರಮ ಬೇರೆ. ಹೆಡ್‌ಶೆಲ್ಲಿನ ಕತ್ತಿನ ರಬ್ಬರ್ ವಾಷರಿನಿಂದ ಮುಳ್ಳಿನ ತುದಿಗೆ 52 ಮಿ.ಮೀ. ಬಂದರೆ ಆಯಿತು. ನನ್ನ ಆರ್ಮಿನ ಉದ್ದ 230 ಮಿ.ಮೀ., ಓವರ್‌ಹ್ಯಾಂಗ್, ಅಂದರೆ ಮುಳ್ಳು ಪ್ಲೇಟಿನ ನಡುಗೂಟ ದಾಟಿ ಚಾಚುವ ಅಳತೆ, 15 ಮಿ.ಮೀ., ಹೆಡ್‌ಶೆಲ್ ಒಳಕ್ಕೆ ಬಾಗಿದ ಕೋನ 22 ಡಿಗ್ರಿ. ಇದರ ಮೇಲೆ ಲೆಕ್ಕ ಹಾಕಿದರೆ ಆ ಎರಡು ಜಾಗ 58.8 ಮತ್ತು 113.5 ಮಿ.ಮೀ.ಗೆ ಬೀಳುತ್ತವೆ.

ಮೊದಲು ಬೇರ್‌ವಾಲ್ಡ್ ಪ್ರೊಟ್ರಾಕ್ಟರ್, ಅಂದರೆ ಆ ಎರಡು ಜಾಗಗಳ ಗೆರೆ ಹಾಕಿದ ಅಳತೆಯ ಕಾಗದ, ಪ್ರಿಂಟ್ ತೆಗೆಸಿದೆ. ಜೆರಾಕ್ಸ್ ಅಂಗಡಿಯ ಪ್ರಿಂಟರ್ ಕಾಗದಕ್ಕೆ ಹೊಂದಿಸಲು ಚಿತ್ರವನ್ನು ಕುಗ್ಗಿಸಿತ್ತು. 100 ಮಿ.ಮೀ. ಗೆರೆ ಸ್ಕೇಲಿನಲ್ಲಿ 97 ಬಂತು, ಎರಡನೇ ಸಲ ಅಳತೆ ಬದಲಿಸದಂತೆ ಹೇಳಿ ತೆಗೆಸಿದೆ. ಅದರ ಪ್ರಕಾರ ಕೂರಿಸಿ ಮನ್ಸೂರರ ಒಂದು ಎಲ್‌ಪಿ ಹಾಕಿದೆ. ನಡುಭಾಗ ಬಹಳ ಚೆನ್ನಾಗಿತ್ತು, ಕೊನೆಯ ತಾನುಗಳ ಅಂಚು ಮಾತ್ರ ತುಸು ಒರಟು. ಮರುದಿನ ಸಂಜೆ ಟೆಕ್ನಿಕ್ಸ್‌ನವರ 52ಕ್ಕೆ ಬದಲಿಸಿದೆ. ಒಳಗಿನ ನೇರ ಜಾಗ 59ರ ಹತ್ತಿರ ಬಂದದ್ದರಿಂದ ದ್ರುತ ಮುಗಿಯುವ ಕಡೆಗೆ ಮುಳ್ಳು ನೆಟ್ಟಗಾಯಿತು. ತಾನಿನ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಿಸಿತು. ಚಿಕ್ಕ ಹಾಡುಗಳ ಎಲ್‌ಪಿಗಳೇ ಹೆಚ್ಚಿರುವ ಮನೆಯಲ್ಲಿ ನಾನು ಬೇರ್‌ವಾಲ್ಡನ್ನೇ ಆರಿಸುತ್ತಿದ್ದೆನೋ ಏನೋ. ನನ್ನ ಟ್ರಂಕಿಗೆ ಟೆಕ್ನಿಕ್ಸ್‌ನವರ ಅಳತೆಯೇ ಸರಿ.

ನೋಡುವ ಬಗೆಯನ್ನೂ ಹೇಳಿಬಿಡುತ್ತೇನೆ. ಕಾರ್ಟ್ರಿಡ್ಜಿನ ಮೈಯನ್ನು ಗೆರೆಗೆ ಸಮ ಮಾಡುವುದು ಆರಂಭಕ್ಕೆ ಸರಿ, ಕೊನೆಗೆ ಸಮ ಇರಬೇಕಾದ್ದು ಒಳಗಿನ ಕಡ್ಡಿ. ಕ್ಲಚ್ ಪೆನ್ಸಿಲಿನ 0.5 ಮಿ.ಮೀ. ಸೀಸದ ಕಡ್ಡಿಯೊಂದನ್ನು ಪ್ರೊಟ್ರಾಕ್ಟರ್ ಗೆರೆಯ ಮೇಲಿಟ್ಟು, ಪಕ್ಕದಲ್ಲಿ ಟಾರ್ಚ್ ಹಿಡಿದು ನೋಡಿದರೆ ಎರಡು ಕಡ್ಡಿಗಳು ಒಂದೇ ದಿಕ್ಕಿಗಿವೆಯೇ ಇಲ್ಲವೇ ಅನ್ನುವುದು ಕಣ್ಣಿಗೆ ಹೊಡೆದಂತೆ ಗೊತ್ತಾಗುತ್ತದೆ. ಆಮೇಲೆ ಕನ್ನಡಿಯ ಚೂರೊಂದರ ಮೇಲೆ ಮುಳ್ಳು ಇಳಿಸಿ ಮುಂದಿನಿಂದ ನೋಡಿದೆ. ಕಾರ್ಟ್ರಿಡ್ಜೂ ಅದರ ಬಿಂಬವೂ ಸೇರಿ ಒಂದೇ ನೇರದಲ್ಲಿದ್ದರೆ ಎಡಬಲಕ್ಕೆ ವಾಲಿಲ್ಲ ಅಂತ ಅರ್ಥ. ಪ್ರತಿ ಸಲ ಸ್ಕ್ರೂ ಬಿಗಿ ಮಾಡುವಾಗಲೂ ಕಾರ್ಟ್ರಿಡ್ಜ್ ಎಳ್ಳಷ್ಟು ತಿರುಗುತ್ತದೆ, ಎರಡನ್ನೂ ಕಾಲು ಕಾಲು ಸುತ್ತು ಸರದಿಯಲ್ಲಿ ಬಿಗಿ ಮಾಡಬೇಕು. ಜಾಗ ಬದಲಾದ ಮೇಲೆ ಭಾರವನ್ನು ಮತ್ತೆ ತೂಗಬೇಕು.

ಆಂಟಿ-ಸ್ಕೇಟನ್ನು ಕಿವಿಯಿಂದಲೇ ಹೊಂದಿಸಿದೆ. ತಿರುಗುವ ಪ್ಲೇಟು ಬಾಗಿದ ಆರ್ಮನ್ನು ಒಳಕ್ಕೆ ಎಳೆಯುತ್ತದೆ. ಆಗ ಮುಳ್ಳು ಎಡ ಚಾನೆಲ್ಲಿನ ಒಳಗೋಡೆಗೆ ಒರಗಿ, ಬಲ ಚಾನೆಲ್ಲಿನ ಗೋಡೆಯ ಹಿಡಿತ ಸಡಿಲವಾಗುತ್ತದೆ. ಹೆಡ್‌ಫೋನ್ ಹಾಕಿ ಪ್ಲೇಟಿನ ಕೊನೆ ಕೇಳುತ್ತ, ಬಲಗಡೆಯ ಒರಟು ಎಡಗಡೆಯಷ್ಟಕ್ಕೆ ಇಳಿಯುವ ತನಕ ಮೆಲ್ಲಗೆ ಏರಿಸಿದೆ. 1.6ರ ಹತ್ತಿರ ನಿಂತಿತು.

ಇಷ್ಟಾದರೂ ಒಂದು ಕೊರತೆ ಉಳಿದಿತ್ತು. ಜಾನಕಿಯವರ ದನಿಯಲ್ಲಿ 'ಸ', 'ಶ', 'ಚ' ಬಂದಾಗಲೆಲ್ಲ ಚುಚ್ಚುತ್ತಿತ್ತು. ಭಾರ, ಕೋನ ಎಲ್ಲ ಮತ್ತೆ ನೋಡಿದೆ, ತಪ್ಪಿರಲಿಲ್ಲ. ತಪ್ಪಿದ್ದದ್ದು ಕಾರ್ಟ್ರಿಡ್ಜಿನ ಸಣ್ಣ ಸಂಕೇತವನ್ನು ಆಂಪ್ಲಿಫೈಯರಿಗೆ ತಕ್ಕಷ್ಟು ಹಿಗ್ಗಿಸುವ ಫೋನೋ ಪ್ರೀಆಂಪಿನಲ್ಲಿ. ಈ ಕಾರ್ಟ್ರಿಡ್ಜಿನ ಸುರುಳಿಗೆ 550 ಮಿಲಿಹೆನ್ರಿ ಇಂಡಕ್ಟೆನ್ಸ್ ಇದೆ, ತಂತಿ ಮತ್ತು ಪ್ರೀಆಂಪ್ ಸೇರಿ 100ರಿಂದ 200 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಇರಲಿ ಅನ್ನುತ್ತಾರೆ ತಯಾರಿಸಿದವರು. ನನ್ನ ಪ್ರೀಆಂಪಿನೊಳಗೆ 220 ಪಿಕೋಫ್ಯಾರಡ್ ಕೆಪಾಸಿಟರ್ ಕೂತಿತ್ತು, ಆರ್ಮಿನ ತಂತಿಯದ್ದು ನೂರಕ್ಕೂ ಮೇಲೆ. ಇವೆರಡೂ ಸುರುಳಿಯ ಜತೆ ಸೇರಿ ಹನ್ನೊಂದು-ಹನ್ನೆರಡು ಸಾವಿರ ಹರ್ಟ್ಸ್ ಸುತ್ತ ಒಂದು ಉಬ್ಬು ಏಳುತ್ತಿತ್ತು, ಸಕಾರದ ಸೀಟಿಯ ಮೇಲೇ. ಅದೇ ರಿಪೇರಿಯವರು 220 ತೆಗೆದು 47 ಹಾಕಿಕೊಟ್ಟರು. ಉಬ್ಬು ಹದಿನೇಳು ಸಾವಿರದಾಚೆ ಸರಿಯಿತು. ಸಕಾರ ಸಕಾರವಾಗಿ ಕೇಳಿಸಿತು. ಕಾರ್ಟ್ರಿಡ್ಜನ್ನು ಬೈದು ಬದಲಿಸುವ ಮುಂಚೆ ಇದನ್ನೊಮ್ಮೆ ನೋಡಿ ಅಂತ ಎಲ್ಲರಿಗೂ ಹೇಳುತ್ತೇನೆ.

ಇಪಿಗಳ ಕಥೆ ಬೇರೆ. ಅಪ್ಪನ ಕಾಲದ ಪೆಟ್ಟಿಗೆ ಪ್ಲೇಯರಿನ ಭಾರದ ಮುಳ್ಳು ಅವುಗಳ ಗೆರೆಯನ್ನು ಉತ್ತುಹಾಕಿತ್ತು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಒಂದು ಹನಿ ಪಾತ್ರೆ ಸೋಪು ಬೆರೆಸಿ ತೊಳೆದೆ. ಧೂಳು ಹೋಯಿತು, ಸವೆತದ ಸದ್ದು ಹೋಗಲಿಲ್ಲ. ಅಂಡಾಕಾರದ ಮುಳ್ಳು ಆ ಗಾಯಗಳನ್ನೂ ಅಷ್ಟೇ ನಿಷ್ಠೆಯಿಂದ ಓದುತ್ತಿತ್ತು. ಆಗ ಇದೇ ಮೈಗೆ ಕೂರುವ ಗುಂಡು ತುದಿಯ ಮುಳ್ಳು ತರಿಸಿದೆ. ಅದು ಗೋಡೆಯನ್ನು ಬೇರೆ ಎತ್ತರದಲ್ಲಿ ಮುಟ್ಟುವುದರಿಂದಲೋ ಏನೋ, ನನ್ನ ಇಪಿಗಳಲ್ಲಿ ಕರಕರ ಗಮನಾರ್ಹವಾಗಿ ಇಳಿಯಿತು. ಅವು ಎಡಬಲ ಎರಡೂ ಕಡೆ ಒಂದೇ ಸದ್ದಿರುವ ಮೋನೋ ಪ್ಲೇಟುಗಳಾದ್ದರಿಂದ ಆಂಪ್ಲಿಫೈಯರಿನ ಮೋನೋ ಬಟನ್ ಒತ್ತಿದೆ, ಮುಳ್ಳಿನ ಮೇಲೆ-ಕೆಳಗಿನ ಕುಣಿತದಿಂದ ಬರುವ ಸದ್ದು ಅಲ್ಲೇ ಅಳಿಯಿತು. ಈಗ ಎಲ್‌ಪಿಗೆ ಒಂದು ಮುಳ್ಳು, ಇಪಿಗೆ ಒಂದು. ಬದಲಿಸಲು ಅರ್ಧ ನಿಮಿಷ, ಭಾರ ಎರಡಕ್ಕೂ ಅದೇ 2 ಗ್ರಾಂ. ಅರಗಿನ ಮೂರು ಪ್ಲೇಟುಗಳನ್ನು ಮುಟ್ಟಿಲ್ಲ. ಅವುಗಳ ಗೆರೆ ಅಗಲ, ದಪ್ಪ ತುದಿಯ ಮುಳ್ಳು ಬೇಕು, ನನ್ನ ಯಂತ್ರಕ್ಕೆ 78ರ ವೇಗವೂ ಇಲ್ಲ.

ಗಂಗೂಬಾಯಿಯವರ ಎಲ್‌ಪಿ ಹಾಕಿದ ದಿನ ಅವ್ವ ಅಡುಗೆಮನೆಯಿಂದ ಬಂದು ಗೋಡೆಗೆ ಒರಗಿ ಕೂತಳು. ಆ ಬದಿ ಮುಗಿಯುವ ತನಕ ಮಾತಾಡಲಿಲ್ಲ. "ನಿಮ್ಮಪ್ಪ ಹಚ್ಚಿದಾಗ ಇದು ಕೊನೀಗೆ ಬರ್ರ್ ಅಂತಿತ್ತಲ್ಲೋ. ಈಗ ಹಿಂದಿನ ತಂಬೂರಿ ಸುದ್ದಾ ಕೇಳಸ್ತದ" ಅಂದಳು. ಇನ್ನೊಂದು ಬದಿ ತಿರುಗಿಸಲು ಹೇಳಿದಳು.

ಅಂಡಾಕಾರದ ಮುಳ್ಳಿನ ಆಯಸ್ಸು 300 ಗಂಟೆ, ಗುಂಡು ತುದಿಯದ್ದು 500 ಅನ್ನುತ್ತದೆ ಕಂಪನಿ. 22 ನಿಮಿಷದ ಬದಿ ಅಂತ ಹಿಡಿದರೆ 300 ಗಂಟೆಗೆ ಎಂಟುನೂರು ಚಿಲ್ಲರೆ ಬದಿಗಳು. ಗೋಡೆಯ ಕ್ಯಾಲೆಂಡರಿನಲ್ಲಿ ಬದಿಗೊಂದು ಗೀಟು ಹಾಕುತ್ತಿದ್ದೇನೆ, ಎಲ್‌ಪಿಯದ್ದು ನೀಲಿ, ಇಪಿಯದ್ದು ಕೆಂಪು. ನೀಲಿ ಗೀಟುಗಳು ನಿನ್ನೆ ರಾತ್ರಿಗೆ 214 ಆದವು.