ಜೇಬಿನಲ್ಲಿ ಪುಟ್ಟ ಪಿಸ್ತೂಲು: ದಿನವೂ ಒಯ್ಯುವವರಿಗೆ

ಪರವಾನಗಿ ಕೈಗೆ ಬಂದ ಕೂಡಲೇ ಎಲ್ಲರೂ ಕೇಳುವುದು ‘ಯಾವ ಪಿಸ್ತೂಲು ತಗೊಳ್ಳಲಿ?’ ಅಂತ. ನಾನು ಮೊದಲು ನೋಡುವುದು ಅವರು ತೊಟ್ಟಿರುವ ಪ್ಯಾಂಟಿನ ಜೇಬನ್ನು. ಶೂಟಿಂಗ್ ರೇಂಜ್‌ನಲ್ಲಿ ಹೊಸಬರಿಗೆ ಹೇಳಿಕೊಡುವುದು ನನ್ನ ಕೆಲಸ. ನಾನು ಎಡಗೈಯವಳು, ಕೈಯೂ ಸಣ್ಣದು. ಸೊಂಟದ ಹೋಲ್‌ಸ್ಟರ್ (ಪಿಸ್ತೂಲಿನ ಒರೆ) ನನಗೆ ಒಗ್ಗಲಿಲ್ಲ, ಹಾಗಾಗಿ ವರ್ಷಗಳಿಂದ ಜೇಬಿನಲ್ಲೇ ಒಯ್ಯುತ್ತಿದ್ದೇನೆ. ಪುಟ್ಟ ಪಿಸ್ತೂಲು, ಹೋಲ್‌ಸ್ಟರ್, ಜೇಬಿನ ಬಟ್ಟೆ ಮೂರೂ ಹೊಂದಿಕೊಂಡರೆ ಮಾತ್ರ ಇದು ಸುರಕ್ಷಿತ. ಒಂದು ಕೈಕೊಟ್ಟರೂ ಉಳಿದೆರಡಕ್ಕೆ ಬೆಲೆಯಿಲ್ಲ.

ಮೊದಲು ಕಾನೂನು. ಬಂದೂಕು ಇಟ್ಟುಕೊಳ್ಳುವ ಪರವಾನಗಿ ಬೇರೆ, ಅದನ್ನು ಮರೆಯಾಗಿ ಮೈಮೇಲೆ ಒಯ್ಯುವ ಅನುಮತಿ ಬೇರೆ ಆಗಿರುವ ಕಡೆಗಳು ಬಹಳ. ನಿಮ್ಮ ಪರವಾನಗಿಯಲ್ಲಿ ಏನು ಬರೆದಿದೆ ಎಂಬುದನ್ನು ಅಕ್ಷರಕ್ಷರ ಓದಿ. ಶಾಲೆ, ನ್ಯಾಯಾಲಯ, ವಿಮಾನ ನಿಲ್ದಾಣದಂಥ ನಿಷಿದ್ಧ ಜಾಗಕ್ಕೆ ಹೋಗುವ ದಿನ ಪಿಸ್ತೂಲನ್ನು ಮನೆಯಲ್ಲೇ ಬೀಗ ಹಾಕಿಡಿ. ಕಾರಿನಲ್ಲಿಟ್ಟು ಹೋದರಾಯಿತು ಅಂದುಕೊಳ್ಳಬೇಡಿ. ಕಾರಿನಿಂದ ಕದ್ದ ಪಿಸ್ತೂಲು ಯಾರ ಕೈ ಸೇರುತ್ತದೋ ನಿಮಗೆ ಗೊತ್ತಾಗುವುದಿಲ್ಲ. ಒಂದು ತೊಟ್ಟು ಕುಡಿಯುವುದಿದ್ದರೂ ಅಷ್ಟೇ, ಜೇಬು ಖಾಲಿ ಇರಬೇಕು.

ಯಾವುದನ್ನು ಆರಿಸುವುದು

ಜೇಬಿನ ಪಿಸ್ತೂಲು ಹೊಸ ಕಲ್ಪನೆಯೇನಲ್ಲ. ಜಾನ್ ಬ್ರೌನಿಂಗ್ ರೂಪಿಸಿದ .380 ಎಸಿಪಿ ಗುಂಡು 1908ರಲ್ಲೇ ಕೋಲ್ಟ್ ಕಂಪನಿಯ ಜೇಬಿನ ಪಿಸ್ತೂಲಿನ ಜೊತೆ ಮಾರುಕಟ್ಟೆಗೆ ಬಂತು. ಆ ಪಿಸ್ತೂಲು ಪೂರ್ತಿ ಉಕ್ಕಿನದು, ಜೇಬನ್ನು ಜಗ್ಗುತ್ತಿತ್ತು. ನಿಜವಾಗಿ ಹಗುರವಾದದ್ದು ಪ್ಲಾಸ್ಟಿಕ್ ಫ್ರೇಮ್ ಬಂದ ಮೇಲೆ. ಕೆಲ್‌ಟೆಕ್‌ನ ಪಿ-3ಎಟಿ 2003ರಲ್ಲಿ, ರೂಗರ್‌ನ ಎಲ್‌ಸಿಪಿ 2008ರಲ್ಲಿ ಬಂದವು. ಎಲ್‌ಸಿಪಿ ಗುಂಡಿಲ್ಲದಾಗ ಸುಮಾರು 270 ಗ್ರಾಂ, ನಳಿಕೆ ಏಳು ಸೆಂಟಿಮೀಟರ್. 2018ರಲ್ಲಿ ಬಂದ ಸಿಗ್ ಪಿ365ರಲ್ಲಿ ಒಂಬತ್ತು ಮಿಲಿಮೀಟರಿನ ಹತ್ತು ಗುಂಡು ಹಿಡಿಯುತ್ತವೆ. ಆದರೆ ತೂಕ 500 ಗ್ರಾಂ, ದೊಡ್ಡ ಜೇಬಿನವರಿಗೆ ಮಾತ್ರ. ರಿವಾಲ್ವರ್ ಇಷ್ಟವಾದರೆ ಸ್ಮಿತ್ ಆಂಡ್ ವೆಸನ್ 642 ಇದೆ. ಅಲ್ಯುಮಿನಿಯಂ ಮಿಶ್ರಲೋಹದ ಫ್ರೇಮ್, ಐದು ಗುಂಡು, ಸುಮಾರು 400 ಗ್ರಾಂ. ಹ್ಯಾಮರ್, ಅಂದರೆ ಗುಂಡನ್ನು ಸಿಡಿಸುವ ಸುತ್ತಿಗೆ, ಒಳಗೇ ಮುಚ್ಚಿಕೊಂಡಿರುವುದರಿಂದ ಬಟ್ಟೆಗೆ ಸಿಕ್ಕಿಕೊಳ್ಳುವ ಕೊಂಡಿಯೇ ಇಲ್ಲ.

ಪಿಸ್ತೂಲು ಹಗುರವಾದಷ್ಟೂ ಒದೆತ ಜೋರು. ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ ಮುದ್ದಾಗಿ ಕಾಣುವ ಇದೇ ಪಿಸ್ತೂಲು ರೇಂಜ್‌ನಲ್ಲಿ ಎರಡು ಮ್ಯಾಗಜೀನ್ (ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ) ಮುಗಿಯುವಷ್ಟರಲ್ಲಿ ಹೆಬ್ಬೆರಳ ಬುಡವನ್ನು ಕೆಂಪು ಮಾಡುತ್ತದೆ. ಮಣಿಕಟ್ಟು ಸಡಿಲ ಬಿಟ್ಟರೆ ಸ್ಲೈಡ್, ಅಂದರೆ ಪಿಸ್ತೂಲಿನ ಮೇಲಿನ ಜಾರುವ ಭಾಗ, ಪೂರ್ತಿ ಹಿಂದೆ ಹೋಗದೆ ಗುಂಡು ಸಿಕ್ಕಿಕೊಳ್ಳುತ್ತದೆ. ಮುಂದಿನ ಹಿಂದಿನ ಗುರಿಕಡ್ಡಿಗಳ ನಡುವಿನ ಅಂತರವೂ ಕಡಿಮೆ, ಕೈ ಕೂದಲೆಳೆಯಷ್ಟು ಅಲುಗಿದರೂ ಗುಂಡು ಎಲ್ಲೋ ಹೋಗುತ್ತದೆ. ಸಣ್ಣ ಪಿಸ್ತೂಲು ಹೊಸಬರಿಗೆ ಸುಲಭ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದಕ್ಕೆ ದೊಡ್ಡದಕ್ಕಿಂತ ಹೆಚ್ಚು ಅಭ್ಯಾಸ ಬೇಕು.

ಟ್ರಿಗರ್ ಉದ್ದ, ಬಿಗಿ ಅಂತ ಬೇಸರ ಮಾಡಿಕೊಳ್ಳುವವರಿದ್ದಾರೆ. ಜೇಬಿಗೆ ಅಂಥದ್ದೇ ಬೇಕು. ಹ್ಯಾಮರ್ ಎಳೆದಿಟ್ಟು ಸೇಫ್ಟಿ ಲಿವರನ್ನೇ ನೆಚ್ಚಿಕೊಳ್ಳುವ ಪಿಸ್ತೂಲನ್ನು ನಾನು ಜೇಬಿಗೆ ಹಾಕುವುದಿಲ್ಲ, ಬಟ್ಟೆಯ ತಿಕ್ಕಾಟಕ್ಕೆ ಲಿವರ್ ಸರಿಯುವ ಸಾಧ್ಯತೆ ಇದ್ದೇ ಇರುತ್ತದೆ. ಕೆಳಗೆ ಬಿದ್ದರೂ ಸಿಡಿಯದಂತೆ ಒಳಗೆ ತಡೆ ಇಲ್ಲದ ಹಳೆಯ ಪಿಸ್ತೂಲುಗಳನ್ನು ಚೇಂಬರಿನಲ್ಲಿ (ನಳಿಕೆಯ ಹಿಂತುದಿಯ ಗುಂಡಿನ ಗೂಡು) ಗುಂಡಿಟ್ಟು ಒಯ್ಯಲೇಬಾರದು.

ಗುಂಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಪರೀಕ್ಷೆಯಲ್ಲಿ ಗುಂಡು ಮಾಂಸದ ಬದಲಿಗಿಟ್ಟ ಜೆಲ್ ದಿಮ್ಮಿಯೊಳಗೆ 12ರಿಂದ 18 ಇಂಚು, ಅಂದರೆ 30ರಿಂದ 45 ಸೆಂಟಿಮೀಟರ್ ಹೋಗಬೇಕು. ಗಿಡ್ಡ ನಳಿಕೆಯಿಂದ ಹಾರಿದ .380 ಹಾಲೋ ಪಾಯಿಂಟ್‌ಗಳಲ್ಲಿ (ಮೂತಿಯಲ್ಲಿ ಕುಳಿಯಿದ್ದು, ತಾಗಿದಾಗ ಅರಳುವ ಗುಂಡು) ಹಲವು ಅರಳಿದರೆ ಆಳಕ್ಕೆ ಹೋಗುವುದಿಲ್ಲ, ಆಳಕ್ಕೆ ಹೋದರೆ ಅರಳುವುದಿಲ್ಲ. ಎರಡನ್ನೂ ತೂಗಿ ಆರಿಸಿ. ಆರಿಸಿದ ಗುಂಡು ನಿಮ್ಮದೇ ಪಿಸ್ತೂಲಿನಲ್ಲಿ ತಡೆಯಿಲ್ಲದೆ ಹಾರುತ್ತದೆಂದು ನಾಲ್ಕೈದು ಮ್ಯಾಗಜೀನ್ ಖಾಲಿ ಮಾಡಿ ಖಾತ್ರಿ ಮಾಡಿಕೊಳ್ಳಿ.

ಹೋಲ್‌ಸ್ಟರ್ ಇಲ್ಲದೆ ಜೇಬಿಗೆ ಹಾಕಬೇಡಿ

ಇದರಲ್ಲಿ ರಿಯಾಯಿತಿ ಇಲ್ಲ. ಜೇಬಿನ ಹೋಲ್‌ಸ್ಟರ್ ಟ್ರಿಗರನ್ನು ಮುಚ್ಚಬೇಕು, ಪಿಸ್ತೂಲನ್ನು ಹಿಡಿ ಮೇಲಾಗಿ ನೆಟ್ಟಗೆ ನಿಲ್ಲಿಸಬೇಕು, ಹೊರಗಿನಿಂದ ಅದರ ಆಕಾರ ಕಾಣದಂತೆ ಮಾಡಬೇಕು, ಪಿಸ್ತೂಲು ಎಳೆದಾಗ ತಾನು ಜೇಬಿನಲ್ಲೇ ಉಳಿಯಬೇಕು. ಕೊಂಡ ಮೇಲೆ ಮನೆಯಲ್ಲಿ ಪರೀಕ್ಷಿಸಿ. ಗುಂಡೆಲ್ಲ ತೆಗೆದು, ಚೇಂಬರನ್ನು ಕಣ್ಣಿಂದ ನೋಡಿ, ಬೆರಳು ತೂರಿಸಿ ಖಾಲಿಯೆಂದು ಖಚಿತವಾದ ಮೇಲೆ ಪಿಸ್ತೂಲನ್ನು ಹೋಲ್‌ಸ್ಟರಿಗಿಡಿ. ಈಗ ಹೊರಗಿನಿಂದ ಟ್ರಿಗರ್ ಇರುವ ಜಾಗವನ್ನು ಹೆಬ್ಬೆರಳಿಂದ ಬಲವಾಗಿ ಒತ್ತಿ. ಟ್ರಿಗರ್ ಒಂದಿಷ್ಟು ಸರಿದರೂ ಆ ಹೋಲ್‌ಸ್ಟರ್ ಬೇಡ. ಕಾಲ್ಚೀಲದಂತೆ ಮೆತ್ತಗಿರುವ ಬಟ್ಟೆಯ ಹೋಲ್‌ಸ್ಟರುಗಳು ಇಲ್ಲೇ ಸೋಲುತ್ತವೆ. ಆಮೇಲೆ ತಲೆಕೆಳಗೆ ಹಿಡಿದು ಮೆಲ್ಲಗೆ ಅಲುಗಿಸಿ, ಪಿಸ್ತೂಲು ಜಾರಿ ಬೀಳಬಾರದು.

ಆ ಜೇಬಿನಲ್ಲಿ ಬೇರೇನೂ ಇರಕೂಡದು. ಬೀಗದ ಕೈ, ಚಿಲ್ಲರೆ, ಪೆನ್ನು, ಕರವಸ್ತ್ರ, ಯಾವುದೂ. ಕೈಗಂಟಿದ ಚಟಕ್ಕೆ ಕೀಲಿಗೊಂಚಲನ್ನು ಅದೇ ಜೇಬಿಗೆ ತುರುಕುವವರನ್ನು ನಾನು ಪಾಠದ ಮಧ್ಯೆಯೇ ನಿಲ್ಲಿಸಿ ತೆಗೆಸುತ್ತೇನೆ. ಟ್ರಿಗರಿನ ಸುತ್ತಲಿನ ಬಳೆಯೊಳಗೆ ತೂರಲು ಕೀಲಿಯ ತುದಿಯಷ್ಟು ಸಾಕು.

ಜೇಬು ಆಳ ಎಷ್ಟಿರಬೇಕು? ಪಿಸ್ತೂಲು ಇಟ್ಟಾಗ ಹಿಡಿಯ ತುದಿ ಜೇಬಿನ ಬಾಯಿಗಿಂತ ಎರಡು ಬೆರಳು ಕೆಳಗಿರಬೇಕು. ಬಾಯಿ ಎಷ್ಟು ಅಗಲ? ಪಿಸ್ತೂಲು ಹಿಡಿದ ಕೈ ತಡೆಯಿಲ್ಲದೆ ಹೊರಬರುವಷ್ಟು. ಹೆಂಗಸರ ಪ್ಯಾಂಟಿನಲ್ಲಿ ಈ ಎರಡೂ ಸಿಗುವುದು ಅಪರೂಪ. ನಾನು ದರ್ಜಿಗೆ ಕೊಟ್ಟು ಜೇಬಿನ ಚೀಲವನ್ನೇ ಬದಲಿಸುತ್ತೇನೆ. ತೆಳು ಅಸ್ತರ್ ತೆಗೆದು ದಪ್ಪ ಡ್ರಿಲ್ ಬಟ್ಟೆ ಹಾಕಿಸಿ, ತಳಕ್ಕೆ ಎರಡು ಸಾಲು ಹೊಲಿಗೆ ಹಾಕಿಸುತ್ತೇನೆ. ತೆಳು ಬಟ್ಟೆಯ ತಳ ಕೆಲವು ತಿಂಗಳಲ್ಲಿ ಸವೆದು ನಳಿಕೆಯ ತುದಿ ಹೊರಗಿಣುಕುತ್ತದೆ. ಹೊಲಿಸಿದ ಮೇಲೆ ಕನ್ನಡಿ ಮುಂದೆ ನಿಂತು ಮಾತ್ರ ನೋಡಬೇಡಿ. ಕೂತು, ಬಗ್ಗಿ, ಮೆಟ್ಟಿಲು ಹತ್ತಿ ನೋಡಿ. ಬಿಗಿ ಜೀನ್ಸಿನಲ್ಲಿ ಆಕಾರ ಎದ್ದು ಕಾಣುತ್ತದೆ, ಕೈಯೂ ಹೋಗುವುದಿಲ್ಲ. ಹಿಂದಿನ ಜೇಬು ಯಾವ ಕಾರಣಕ್ಕೂ ಬೇಡ.

ಎಡಗೈಯವರಿಗೆ ಒಂದು ಮಾತು. ಮ್ಯಾಗಜೀನ್ ಬಿಡಿಸುವ ಗುಂಡಿ ಹೆಚ್ಚಿನ ಪಿಸ್ತೂಲುಗಳಲ್ಲಿ ಎಡಬದಿಗಿರುತ್ತದೆ. ಬಲ ಜೇಬಿನಲ್ಲಿಟ್ಟವರಿಗೆ ಅದು ತೊಡೆಯ ಕಡೆಗೆ, ಎಡ ಜೇಬಿನಲ್ಲಿಟ್ಟ ನಮಗೆ ಹೊರಕ್ಕೆ. ಮೇಜಿನ ಅಂಚು, ಕಾರಿನ ಬಾಗಿಲು ತಾಗಿದರೆ ಗುಂಡಿ ಒತ್ತಿ ಮ್ಯಾಗಜೀನ್ ಅರ್ಧ ಕೆಳಗಿಳಿಯುತ್ತದೆ. ಆಗ ನಿಮಗುಳಿಯುವುದು ಚೇಂಬರಿನಲ್ಲಿರುವ ಒಂದೇ ಗುಂಡು, ಕೆಲವು ಮಾದರಿಗಳಲ್ಲಿ ಮ್ಯಾಗಜೀನ್ ಸರಿದರೆ ಅದೂ ಹಾರುವುದಿಲ್ಲ. ಗುಂಡಿಯನ್ನು ಬಲಬದಿಗೆ ಬದಲಿಸಬಹುದಾದ ಮಾದರಿ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಆ ಜಾಗವನ್ನು ಗಟ್ಟಿ ಹಾಳೆ ಮುಚ್ಚುವ ಹೋಲ್‌ಸ್ಟರ್ ಹುಡುಕಿ. ದಿನವೂ ಜೇಬಿಗೆ ಹಾಕುವ ಮುಂಚೆ ನಾನು ಮ್ಯಾಗಜೀನಿನ ತಳವನ್ನು ಅಂಗೈಯಿಂದ ಒಮ್ಮೆ ಒತ್ತುತ್ತೇನೆ.

ತೆಗೆಯುವುದು, ಮರಳಿ ಇಡುವುದು

ಮುಷ್ಟಿ ಕಟ್ಟಿದ ಕೈ ಜೇಬಿನ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ, ಹೊಸಬರೆಲ್ಲ ಎಡವುವುದು ಇಲ್ಲೇ. ಬೆರಳುಗಳನ್ನು ನೀಟಾಗಿ ಜೋಡಿಸಿ, ಅಂಗೈ ತೊಡೆಯ ಕಡೆ ಮಾಡಿ ಕೈಯನ್ನು ಜಾರಿಸಿ. ಮೂರು ಬೆರಳು ಹಿಡಿಯನ್ನು ಸುತ್ತಲಿ. ತೋರುಬೆರಳು ಹೋಲ್‌ಸ್ಟರಿನ ಹೊರಮೈಗೆ ಒರಗಿ ನೆಟ್ಟಗಿರಲಿ. ಹೆಬ್ಬೆರಳನ್ನು ಸುತ್ತಬೇಡಿ, ಸ್ಲೈಡಿನ ಹಿಂತುದಿಯ ಮೇಲೆ ಚಪ್ಪಟೆಯಾಗಿ ಊರಿ. ಹೀಗೆ ಮಾಡಿದರೆ ಕೈ ತೆಳ್ಳಗಾಗುತ್ತದೆ, ಹ್ಯಾಮರ್ ಇದ್ದರೆ ಅದು ಬಟ್ಟೆಗೆ ಸಿಕ್ಕುವುದೂ ಇಲ್ಲ. ಮೇಲೆಳೆಯುವಾಗ ಸ್ವಲ್ಪ ಹಿಂದಕ್ಕೆ ಒತ್ತಿ ಎಳೆಯಿರಿ, ಹೋಲ್‌ಸ್ಟರಿನ ಕೊಕ್ಕೆ ಜೇಬಿನ ಅಂಚಿಗೆ ಸಿಕ್ಕಿ ಒಳಗೇ ಉಳಿಯುತ್ತದೆ. ಪಿಸ್ತೂಲು ಜೇಬು ದಾಟಿದ ಮೇಲಷ್ಟೇ ಹೆಬ್ಬೆರಳು ಕೆಳಗಿಳಿದು ಹಿಡಿಯನ್ನು ಸುತ್ತಬೇಕು. ಇನ್ನೊಂದು ಕೈ ನಳಿಕೆಯ ಮುಂದೆ ಬರದಂತೆ ಎದೆಗೆ ಒತ್ತಿಕೊಂಡಿರಲಿ.

ಇದನ್ನು ಗುಂಡಿಲ್ಲದೆ ಮನೆಯಲ್ಲಿ ಅಭ್ಯಾಸ ಮಾಡಿ. ಗುಂಡುಗಳು ಬೇರೆ ಕೋಣೆಯಲ್ಲಿರಲಿ, ನೀವು ಗುರಿ ಹಿಡಿಯುವ ಗೋಡೆಯ ಆಚೆ ಯಾರೂ ಇರಬಾರದು. ಮೊದಲು ನಿಧಾನಕ್ಕೆ. ವೇಗ ತಾನಾಗಿ ಬರುತ್ತದೆ.

ಮರಳಿ ಇಡುವಾಗ ಪಿಸ್ತೂಲನ್ನು ಜೇಬಿನೊಳಗಿನ ಹೋಲ್‌ಸ್ಟರಿಗೆ ತುರುಕಬೇಡಿ. ಜೇಬಿನೊಳಗೆ ಏನು ಮಡಚಿಕೊಂಡಿದೆಯೋ ನಿಮಗೆ ಕಾಣುವುದಿಲ್ಲ. ಹೋಲ್‌ಸ್ಟರನ್ನು ಹೊರತೆಗೆದು, ಕಣ್ಣೆದುರು ಪಿಸ್ತೂಲನ್ನು ಅದರೊಳಗಿಟ್ಟು, ಆಮೇಲೆ ಎರಡನ್ನೂ ಒಟ್ಟಿಗೆ ಜೇಬಿಗಿಳಿಸಿ.

ಜೇಬಿನ ದೊಡ್ಡ ಅನುಕೂಲವೆಂದರೆ, ಸಂದೇಹ ಬಂದಾಗ ಯಾರ ಗಮನಕ್ಕೂ ಬಾರದಂತೆ ಕೈಯನ್ನು ಒಳಗಿಟ್ಟುಕೊಂಡು ಆ ಜಾಗದಿಂದ ದೂರ ನಡೆಯಬಹುದು. ದೂರ ನಡೆಯುವುದಕ್ಕೇ ಆದ್ಯತೆ. ದೊಡ್ಡ ಅನನುಕೂಲ ಕೂತಾಗ. ಬಟ್ಟೆ ಬಿಗಿಯುತ್ತದೆ, ಸೀಟ್ ಬೆಲ್ಟ್ ಅಡ್ಡ ಬರುತ್ತದೆ. ಕಾಲು ಚಾಚಿ, ಸೊಂಟ ಎತ್ತಿ, ಹಿಂದಕ್ಕೊರಗದೆ ತೆಗೆಯಲಾಗದು. ಜಾಕೆಟಿನ ಜೇಬಿನಲ್ಲಿಟ್ಟರೆ ಕೂತಾಗಲೂ ಕೈಗೆಟಕುತ್ತದೆ ನಿಜ, ಆದರೆ ಜಾಕೆಟ್ ಕಳಚಿ ಕುರ್ಚಿಗೆ ನೇತುಹಾಕಿದ ಕ್ಷಣ ಪಿಸ್ತೂಲು ನಿಮ್ಮ ಹತೋಟಿ ತಪ್ಪಿತು. ಬಟ್ಟೆಯೊಳಗಿಂದಲೇ ಹಾರಿಸಬೇಕಾದ ಸಂದರ್ಭ ಬಂದರೆ ಪಿಸ್ತೂಲಿನ ಸ್ಲೈಡ್ ಮೊದಲ ಗುಂಡಿಗೇ ಅಸ್ತರಿಗೆ ಸಿಕ್ಕಿ ನಿಲ್ಲಬಹುದು. ಹ್ಯಾಮರ್ ಮುಚ್ಚಿದ ರಿವಾಲ್ವರಿಗೆ ಆ ತೊಂದರೆ ಕಡಿಮೆ.

ಶೌಚಾಲಯದಲ್ಲಿ ಪಿಸ್ತೂಲನ್ನು ಹೊರತೆಗೆದು ಎಲ್ಲೂ ಇಡಬೇಡಿ, ಮರೆತು ಬರುವವರು ಹೀಗೇ ಮರೆಯುವುದು. ಜೇಬಿನಲ್ಲೇ ಇರಲಿ, ಪ್ಯಾಂಟನ್ನು ಮೊಣಕಾಲಿಗಿಂತ ಕೆಳಗೆ ಬಿಡಬೇಡಿ. ಕೈಜಾರಿ ಬಿದ್ದರೆ ಗಾಳಿಯಲ್ಲೇ ಹಿಡಿಯಲು ಹೋಗಬೇಡಿ. ಹಿಡಿಯಲು ಹೋದ ಬೆರಳು ಟ್ರಿಗರಿಗೆ ತಾಗುತ್ತದೆ. ಬೀಳಲಿ, ಆಮೇಲೆ ಎತ್ತಿಕೊಳ್ಳಿ. ಮನೆಗೆ ಬಂದ ಕೂಡಲೇ ಜೇಬಿನಿಂದ ನೇರವಾಗಿ ಬೀಗದ ಪೆಟ್ಟಿಗೆಗೆ. ಮಕ್ಕಳಿರುವ ಮನೆಯಲ್ಲಿ ಬಟ್ಟೆ ಬದಲಿಸುವವರೆಗೂ ಕಾಯುವಂತಿಲ್ಲ.

ಜೇಬಿನ ನೂಲುಧೂಳು ನಳಿಕೆಯೊಳಗೆ, ಹ್ಯಾಮರಿನ ಸಂದಿಯಲ್ಲಿ, ಮ್ಯಾಗಜೀನಿನ ಬಾಯಲ್ಲಿ ಸೇರುತ್ತದೆ. ಅದಕ್ಕೆ ಎಣ್ಣೆ ಬೆರೆತು ಅಂಟಾಗುತ್ತದೆ. ವಾರಕ್ಕೊಮ್ಮೆ ಗುಂಡು ತೆಗೆದು ಒಣ ಬ್ರಷ್‌ನಿಂದ ಕೆಡವಿ, ಹೋಲ್‌ಸ್ಟರನ್ನೂ ಜೇಬನ್ನೂ ಒಳಹೊರಗು ಮಾಡಿ ಕೊಡವಿ. ಬೆವರು ತಾಗುವ ಬದಿಯಲ್ಲಿ ತುಕ್ಕಿನ ಚುಕ್ಕೆ ಇದೆಯೇ ನೋಡಿ, ಎಣ್ಣೆಯ ತೆಳು ಪದರ ಸಾಕು.

ಹೀಗೆ ತೆಗೆದು ಹಾಕುವಾಗ ಅದೇ ಗುಂಡನ್ನು ಮತ್ತೆ ಮತ್ತೆ ಚೇಂಬರಿಗೇರಿಸಿದರೆ, ಅದರ ಮೂತಿ ಪ್ರತಿ ಸಲವೂ ಲೋಹಕ್ಕೆ ಬಡಿದು ತೋಟೆಯೊಳಗೆ ಕುಸಿಯುತ್ತಾ ಹೋಗಬಹುದು. ಒಳಗಿನ ಜಾಗ ಕಡಿಮೆಯಾದರೆ ಹಾರುವಾಗ ಒತ್ತಡ ಅಪಾಯದ ಮಟ್ಟಕ್ಕೇರುತ್ತದೆ. ತೆಗೆದ ಗುಂಡನ್ನು ಪೆಟ್ಟಿಗೆಯ ಹೊಸ ಗುಂಡಿನ ಪಕ್ಕ ಸಮತಟ್ಟಾದ ಮೇಜಿನ ಮೇಲೆ ನಿಲ್ಲಿಸಿ ನೋಡಿ. ಒಂದಿಷ್ಟು ಗಿಡ್ಡವಾಗಿದ್ದರೂ ಅದನ್ನು ಪಿಸ್ತೂಲಿಗೆ ಹಾಕಬೇಡಿ, ಅಭ್ಯಾಸಕ್ಕೂ ಹಾರಿಸಬೇಡಿ. ಮುಂದಿನ ಸಲ ರೇಂಜ್‌ಗೆ ಹೋದಾಗ ಅಲ್ಲಿಯವರಿಗೆ ಒಪ್ಪಿಸಿ.