ಸೋಲಾರ್ ಕಂಪನಿ ಊರಿಗೆ ಬಂದಾಗ: ಸಹಿ ಹಾಕುವ ಮೊದಲು ಮಾಡಬೇಕಾದ ಕೆಲಸಗಳು

ಬಯಲುಸೀಮೆಯ ಊರುಗಳಿಗೆ ಈಗ ಬರುತ್ತಿರುವ ಪ್ರಸ್ತಾವಗಳಲ್ಲಿ ಸೋಲಾರ್ ಫಲಕಗಳ ಜೊತೆಗೆ ಬ್ಯಾಟರಿಯೂ ಇರುತ್ತದೆ. ಕಂಪನಿಯ ಪರವಾಗಿ ಬಂದವರು ಎಕರೆಗೆ ಇಷ್ಟು ಎಂದು ಬಾಡಿಗೆ ಹೇಳುತ್ತಾರೆ, ಜಮೀನಿರುವವರು ಲೆಕ್ಕ ಹಾಕತೊಡಗುತ್ತಾರೆ. ಊರಿಗೆ ಏನು ಸಿಗಬೇಕು ಎಂಬ ಮಾತು ಶುರುವಾಗಬೇಕಾದದ್ದೂ ಆಗಲೇ. ಸಹಿ ಬಿದ್ದ ಮೇಲೆ ಕೇಳುವವರ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ತುಮಕೂರು ಜಿಲ್ಲೆಯ ಪಾವಗಡವನ್ನೇ ನೋಡಿ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಅಲ್ಲಿ ಜಮೀನನ್ನು ಕೊಳ್ಳಲಿಲ್ಲ, 28 ವರ್ಷಕ್ಕೆ ಗುತ್ತಿಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮಳೆ ನಂಬಿ ಕಡಲೆಕಾಯಿ ಬಿತ್ತಿ ಸೋತಿದ್ದ ರೈತರಿಗೆ ಇದು ನಿಜವಾಗಿಯೂ ಆಸರೆಯಾಯಿತು. ಆದರೆ ಪಹಣಿಯಲ್ಲಿ ಹೆಸರಿಲ್ಲದವರಿಗೆ ಬಾಡಿಗೆ ಬರಲಿಲ್ಲ. ಕಳೆ ಕೀಳುತ್ತಿದ್ದ ಹೆಂಗಸರಿಗೆ ಕೂಲಿ ಹೋಯಿತು, ಕುರಿಗಾಹಿಗಳಿಗೆ ಮೇವಿನ ಜಾಗ ಹೋಯಿತು. ಮುಂದೆ ಹೇಳುವ ಹೆಜ್ಜೆಗಳನ್ನು ಇವರನ್ನು ನೆನಪಿನಲ್ಲಿಟ್ಟುಕೊಂಡೇ ಓದಬೇಕು.

ಮೊದಲು, ಬರುತ್ತಿರುವುದು ಏನು ಎಂದು ಬರಹದಲ್ಲಿ ಕೇಳಿ. ಒಂದು ಮೆಗಾವಾಟ್‌ಗೆ ಸುಮಾರು 4ರಿಂದ 5 ಎಕರೆ ಬೇಕು. ಬ್ಯಾಟರಿಗೆ ಎರಡು ಸಂಖ್ಯೆ ಇರುತ್ತವೆ: ಮೆಗಾವಾಟ್ ಎಂದರೆ ಕೆರೆಯ ತೂಬಿದ್ದ ಹಾಗೆ, ಒಮ್ಮೆಗೆ ಎಷ್ಟು ಹರಿಯಬಲ್ಲದು ಎಂಬುದು; ಮೆಗಾವಾಟ್ ಅವರ್ ಎಂದರೆ ಕೆರೆಯಲ್ಲಿರುವ ನೀರಿನ ಹಾಗೆ, ಒಟ್ಟು ಎಷ್ಟು ತುಂಬಿದೆ ಎಂಬುದು. ಛತ್ತೀಸ್‌ಗಢದ ರಾಜನಂದಗಾಂವ್‌ನಲ್ಲಿ 2024ರಲ್ಲಿ ಶುರುವಾದ 100 ಮೆಗಾವಾಟ್ ಸ್ಥಾವರದ ಬ್ಯಾಟರಿ 40 ಮೆಗಾವಾಟ್, 120 ಮೆಗಾವಾಟ್ ಅವರ್. ಅಂದರೆ ಹಗಲಲ್ಲಿ ತುಂಬಿಟ್ಟದ್ದನ್ನು ದೀಪ ಹಚ್ಚುವ ಹೊತ್ತಿನಿಂದ ಮೂರು ಗಂಟೆ ಪೂರ್ಣ ಬಲದಲ್ಲಿ ಕೊಡಬಲ್ಲದು. ಈ ವಿದ್ಯುತ್ ಗ್ರಿಡ್‌ಗೆ ಹೋಗುತ್ತದೆ. ಪಕ್ಕದಲ್ಲೇ ಬ್ಯಾಟರಿ ಇದೆ ಎಂದು ನಿಮ್ಮ ಊರಿನ ಕರೆಂಟ್ ತಾನಾಗಿ ಸುಧಾರಿಸುವುದಿಲ್ಲ, ಅದನ್ನು ಬೇರೆಯಾಗಿಯೇ ಕೇಳಬೇಕು.

ಎರಡನೆಯದು ದಾಖಲೆ. ಅಜ್ಜನ ಹೆಸರಿನಲ್ಲೇ ಪಹಣಿ ಇದ್ದರೆ ಪೌತಿ ಖಾತೆ ಮಾಡಿಸಿ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಯಿಸಿ. ಪೋಡಿ, ಅಂದರೆ ಅಳತೆ ಮಾಡಿ ನಿಮ್ಮ ಪಾಲನ್ನು ಬೇರ್ಪಡಿಸುವುದು, ಆಗದಿದ್ದರೆ ಅರ್ಜಿ ಕೊಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಇದೆ, ಅದರಲ್ಲಿ ಗುತ್ತಿಗೆಯೂ ಪರಭಾರೆಯೇ, ಅಂದರೆ ಜಮೀನನ್ನು ಬೇರೆಯವರಿಗೆ ವರ್ಗಾಯಿಸಿದ ಹಾಗೆಯೇ. ಸರ್ಕಾರದ ಅನುಮತಿಯಿಲ್ಲದೆ ಕೊಡುವಂತಿಲ್ಲ.

ಮೂರನೆಯದು ಕರಾರು ಪತ್ರ. ಕನ್ನಡದ ಪ್ರತಿ ಕೇಳಿ, ಮನೆಗೆ ತನ್ನಿ, ವಕೀಲರಿಗೆ ತೋರಿಸಿ. ಒಂದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಲೇಬೇಕು. ಏರಿಕೆಯ ಸಾಲನ್ನು ಎರಡು ಸಲ ಓದಿ. ಪಾವಗಡದ ಲೆಕ್ಕದಲ್ಲಿ 28ನೇ ವರ್ಷದ ಬಾಡಿಗೆ ಸುಮಾರು 39,600 ರೂಪಾಯಿ. ಕಾಲು ಶತಮಾನ ಕಳೆದರೂ ಅದು ದುಪ್ಪಟ್ಟಾಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಏರಿಕೆ ಪ್ರತಿವರ್ಷ ಇರಬೇಕು. ಕಂಪನಿ ಕೈ ಬದಲಾದರೂ ಕರಾರು ಹೊಸಬರಿಗೆ ಅನ್ವಯಿಸಬೇಕು, ಬಾಡಿಗೆ ತಡವಾದರೆ ಬಡ್ಡಿ ಸೇರಬೇಕು.

ನಾಲ್ಕನೆಯ ಹೆಜ್ಜೆ ಎಲ್ಲಕ್ಕಿಂತ ದೊಡ್ಡದು. ಸೋಲಾರ್ ಸ್ಥಾವರಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಪೂರ್ವಾನುಮತಿ ಬೇಕಿಲ್ಲ. ಹಾಗಾಗಿ ಅದರ ಭಾಗವಾದ ಸಾರ್ವಜನಿಕ ಅಹವಾಲು ಸಭೆಯೂ ನಡೆಯುವುದಿಲ್ಲ. ನಿಮ್ಮನ್ನು ಕರೆದು ಕೇಳುತ್ತಾರೆಂದು ಕಾಯಬೇಡಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಅರ್ಜಿ ಕೊಟ್ಟು ಗ್ರಾಮಸಭೆ ಕರೆಸಿ, ಕಂಪನಿಯವರನ್ನೂ ಕೂರಿಸಿ. ಭೂಮಿಯಿಲ್ಲದ ಮನೆಗಳ ಪಟ್ಟಿಯನ್ನು ಅಲ್ಲೇ ಮಾಡಿ. ಫಲಕ ತೊಳೆಯುವ, ಹುಲ್ಲು ಕೊಯ್ಯುವ, ಕಾವಲಿನ ಕೆಲಸಗಳಲ್ಲಿ ಆ ಮನೆಗಳಿಗೇ ಮೊದಲ ಪಾಲು ಕೇಳಿ. ಕಟ್ಟುವಾಗ ನೂರಾರು ಜನರಿಗೆ ಕೂಲಿ ಸಿಗುತ್ತದೆ, ನಡೆಸುವಾಗ ಬೆರಳೆಣಿಕೆಯ ಜನ ಸಾಕು. ಆದ್ದರಿಂದ ಕೆಲಸದ ಭರವಸೆಯನ್ನಷ್ಟೇ ನೆಚ್ಚಿಕೊಳ್ಳದೆ, ವರ್ಷಾವರ್ಷ ಇಷ್ಟು ಮೊತ್ತ ಎಂದು ಊರಿನ ನಿಧಿಗೆ ಬರೆಸಿಕೊಳ್ಳಿ. ಅದು ಶಾಲೆಗೋ ಕುಡಿಯುವ ನೀರಿಗೋ ಎಂಬುದನ್ನು ಗ್ರಾಮಸಭೆಯೇ ತೀರ್ಮಾನಿಸಲಿ. ಬೇಲಿಯೊಳಗೆ ಸೇರಿಹೋಗುವ ನಕಾಶೆ ದಾರಿ, ಹಳ್ಳ, ಗೋಮಾಳ, ಸ್ಮಶಾನದ ಹಾದಿ ಇವನ್ನು ಸರ್ವೆ ನಂಬರ್ ಸಮೇತ ನಡಾವಳಿಯಲ್ಲಿ ದಾಖಲಿಸಿ. ಫಲಕ ತೊಳೆಯುವ ನೀರು ಎಲ್ಲಿಂದ ತರುತ್ತಾರೆಂದೂ ಕೇಳಿ. ನೀರಿಲ್ಲದೆ ಬ್ರಷ್‌ನಿಂದ ಒರೆಸುವ ಯಂತ್ರಗಳಿವೆ, ಬರದ ತಾಲ್ಲೂಕಿನಲ್ಲಿ ಅವನ್ನೇ ಪಟ್ಟು ಹಿಡಿದು ಕೇಳಬಹುದು.

ಬ್ಯಾಟರಿಯ ಬಗ್ಗೆ ಹೆದರಿಕೆಯೂ ಇರುತ್ತದೆ. ಕಂಟೇನರ್‌ಗಳಲ್ಲಿ ಈಗ ಹೆಚ್ಚಾಗಿ ಇಡುವುದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಲಿಥಿಯಂ ಬ್ಯಾಟರಿಗಳಲ್ಲಿ ಅದು ಬೇಗ ಬಿಸಿಯೇರಿ ಕೆಡುವ ಜಾತಿಯಲ್ಲ, ಆದರೂ ಬೆಂಕಿ ಬೀಳುವುದೇ ಇಲ್ಲವೆಂದಲ್ಲ. ಬಿದ್ದರೆ ವಿಷಹೊಗೆ ಬರುತ್ತದೆ, ಆರಿಸಿದ ಮೇಲೂ ಮತ್ತೆ ಹೊತ್ತಿಕೊಳ್ಳಬಹುದು. ಮನೆ, ಶಾಲೆಗಳಿಂದ ಎಷ್ಟು ದೂರ ಇಡುತ್ತಾರೆ, ಹತ್ತಿರದ ಅಗ್ನಿಶಾಮಕ ಠಾಣೆಯವರಿಗೆ ತರಬೇತಿ ಕೊಟ್ಟಿದ್ದಾರೆಯೇ, ರಾತ್ರಿ ಯಾರಿಗೆ ಫೋನ್ ಮಾಡಬೇಕು, ಈ ಮೂರಕ್ಕೂ ಲಿಖಿತ ಉತ್ತರ ಪಡೆಯಿರಿ.

ಕೊನೆಗೆ, ಗುತ್ತಿಗೆ ಮುಗಿದ ದಿನದ ಮಾತು. ಕಂಬ, ಕಾಂಕ್ರೀಟು, ಕೇಬಲ್ ಕಿತ್ತು ನೆಲವನ್ನು ಉಳುವಂತೆ ಮಾಡಿಕೊಡುವುದು ಯಾರ ಖರ್ಚು? ಅದಕ್ಕಾಗಿ ಬ್ಯಾಂಕ್ ಗ್ಯಾರಂಟಿ ಕೇಳಿ. ಹಳೆಯ ಫಲಕ, ಬ್ಯಾಟರಿಗಳಿಗೆ 2022ರ ಇ-ತ್ಯಾಜ್ಯ ನಿಯಮ ಮತ್ತು ಬ್ಯಾಟರಿ ತ್ಯಾಜ್ಯ ನಿಯಮಗಳಿವೆ, ಅವುಗಳ ಹೆಸರು ಕರಾರಿನಲ್ಲೇ ಬರಲಿ. ಗ್ರಾಮಸಭೆಯ ನಡಾವಳಿಯನ್ನು ಕರಾರಿನ ಅನುಬಂಧವಾಗಿ ಸೇರಿಸಿ, ದೃಢೀಕೃತ ಪ್ರತಿಯೊಂದನ್ನು ಪಂಚಾಯಿತಿಯಲ್ಲೂ ಇನ್ನೊಂದನ್ನು ಭೂಮಿಯಿಲ್ಲದ ಮನೆಗಳ ಪರವಾಗಿ ಒಬ್ಬರ ಬಳಿಯೂ ಇಡಿ.