ಗಂಟೆ ಬಾರಿಸುವವರನ್ನೂ ಕೇಳಿ: ಚರ್ಚ್ ಸಿಬ್ಬಂದಿಯಿಂದ ಹೊಸ ಯೋಚನೆ ಹೊರಡಿಸುವ ಬಗೆ

ಸ್ವಿಸ್ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಅಚ್ಚುಕೂಟದ ಕೆಲಸಕ್ಕೆಂದು ಮಂಗಳೂರಿಗೆ ಬಂದ ಜಾರ್ಜ್ ಪ್ಲೆಬ್ಸ್ಟ್ ಯಂತ್ರಕೆಲಸ ಬಲ್ಲವರು. ಇಲ್ಲಿನ ಜೇಡಿಮಣ್ಣು ಹೆಂಚಿಗೆ ಒದಗುತ್ತದೆ ಎಂದು ಕಂಡುಕೊಂಡವರು ಅವರೇ. 1865ರಲ್ಲಿ ಕಾರ್ಖಾನೆ ಶುರುವಾಯಿತು, ಮಂಗಳೂರು ಹೆಂಚು ಲೋಕಕ್ಕೆಲ್ಲ ಹೋಯಿತು. ಮಂಗಳೂರಿನದೇ ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ, ಚಾವಣಿಗಳಲ್ಲಿ ಶತಮಾನ ದಾಟಿಯೂ ಬೆರಗು ಹುಟ್ಟಿಸುವ ಚಿತ್ರಗಳನ್ನು ಬರೆದ ಆಂಟೋನಿಯೊ ಮೊಸ್ಕೇನಿ ಗುರುದೀಕ್ಷೆ ಪಡೆದ ಪಾದ್ರಿಯಲ್ಲ, ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂನ್ಯಾಸಿ ಸಂಘದ ಬ್ರದರ್. ಹೊಸ ಯೋಚನೆ ಕೈಕೆಲಸದವರಿಂದಲೂ ಬರುತ್ತದೆ ಎಂಬುದಕ್ಕೆ ಇಷ್ಟು ಹತ್ತಿರದ ಉದಾಹರಣೆಗಳಿದ್ದರೂ ಬಹಳಷ್ಟು ಚರ್ಚುಗಳಲ್ಲಿ ಯೋಚಿಸುವ ಕೆಲಸ ಸಭಾಪಾಲಕರದು (ಪಾಸ್ಟರ್), ಕುರ್ಚಿ ಹಾಕುವ ಕೆಲಸ ಉಳಿದವರದು ಎಂಬಂತೆ ನಡೆಯುತ್ತಿದೆ. ಇದನ್ನು ಬದಲಿಸಲು ದೊಡ್ಡ ಶಿಬಿರ, ಹೊರಗಿನ ತರಬೇತುದಾರ ಯಾವುದೂ ಬೇಡ. 6ರಿಂದ 10 ಮಂದಿ ಕೆಲಸ ಮಾಡುವ ಒಂದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಕನ್ನಡ ಸಭೆಯಲ್ಲಿ ಇದನ್ನು ಹೇಗೆ ಆರಂಭಿಸಬಹುದು ಎಂಬುದು ಇಲ್ಲಿದೆ.

ಮೊದಲು ಪಟ್ಟಿ, ಆಮೇಲೆ ಬೇಲಿ

ಸಂಬಳ ಅಥವಾ ಗೌರವಧನ ಪಡೆಯುವ ಪ್ರತಿಯೊಬ್ಬರ ಹೆಸರನ್ನೂ ಒಂದು ಹಾಳೆಯಲ್ಲಿ ಬರೆಯಿರಿ: ಸಭಾಪಾಲಕರು, ಆಫೀಸಿನ ಗುಮಾಸ್ತರು, ಆರ್ಗನ್ ನುಡಿಸುವವರು, ಗಂಟೆ ಬಾರಿಸಿ ಬಾಗಿಲು ತೆರೆಯುವವರು, ಮನೆಮನೆಗೆ ಹೋಗಿ ಪ್ರಾರ್ಥಿಸುವ ಬೈಬಲ್ ವುಮನ್, ಮೈಕ್ ನೋಡಿಕೊಳ್ಳುವವರು, ತೋಟದವರು, ರಾತ್ರಿ ಕಾವಲಿನವರು. ವಾರಕ್ಕೆ ಎರಡೇ ದಿನ ಬಂದು ಗುಡಿಸುವವರೂ ಈ ಪಟ್ಟಿಯಲ್ಲಿರಬೇಕು. ಮಳೆಗಾಲದಲ್ಲಿ ಯಾವ ಬೆಂಚಿನ ಮೇಲೆ ಹನಿ ಬೀಳುತ್ತದೆ, ಯಾವ ಅಜ್ಜಿ ಮೆಟ್ಟಿಲು ಹತ್ತಲಾರದೆ ಹೊರಗೇ ನಿಂತು ಪ್ರಾರ್ಥಿಸಿ ಹೋಗುತ್ತಾರೆ ಎಂಬುದು ಪೀಠದ ಮೇಲಿಂದ ಕಾಣುವುದಿಲ್ಲ. ಪೊರಕೆ ಹಿಡಿದವರಿಗೆ ಅದು ದಿನವೂ ಕಾಣುತ್ತದೆ.

ಯಾವುದನ್ನು ಮುಟ್ಟುವಂತಿಲ್ಲ ಎಂಬುದನ್ನು ಸಭಾಪಾಲಕರು ಮೊದಲೇ ತಿಳಿಸಬೇಕು. ಕರ್ತನ ಭೋಜನದ ಕ್ರಮ, ದೀಕ್ಷಾಸ್ನಾನದ ವಾಕ್ಯಗಳು, ಕಾಣಿಕೆ ಎಣಿಸುವ ವಿಧಾನ, ವಿವಾಹ ರಿಜಿಸ್ಟರ್ ಇಲ್ಲಿ ಚರ್ಚೆಗೆ ಬರುವುದಿಲ್ಲ. ಈ ಬೇಲಿ ಮೊದಲೇ ಕಂಡರೆ ಜನ ಧೈರ್ಯವಾಗಿ ಮಾತಾಡುತ್ತಾರೆ. ಅದು ಗೊತ್ತಿಲ್ಲದವರು ಒಮ್ಮೆ ಎಡವಿ, ‘ಅದೆಲ್ಲ ನಮಗೆ ಸಂಬಂಧಿಸಿದ್ದಲ್ಲ’ ಅನ್ನಿಸಿಕೊಂಡು, ಮತ್ತೆ ಬಾಯಿ ತೆರೆಯುವುದಿಲ್ಲ. ಬೇಲಿಯ ಒಳಗೆ ಜಾಗ ಧಾರಾಳವಾಗಿದೆ: ಬಾಗಿಲಲ್ಲಿ ಸ್ವಾಗತಿಸುವ ರೀತಿ, ಅಲಂಕಾರ, ಗೀತೆಗಳ ಆಯ್ಕೆ, ನೋಟಿಸ್ ಬೋರ್ಡು, ಆರೋಗ್ಯವಿಲ್ಲದವರ ಭೇಟಿ, ಸುಗ್ಗಿ ಹಬ್ಬದ ಹರಾಜು, ಅಂಗಳದ ನೀರು ಮತ್ತು ನೆರಳು.

45 ನಿಮಿಷದ ಕೂಟ

ತಿಂಗಳಿಗೆ ಒಮ್ಮೆ, ವಾರದ ನಡುವೆ ಕೂಡಿ. ಭಾನುವಾರ ಆರಾಧನೆ ಮುಗಿದ ಮೇಲೆ ಎಲ್ಲರಿಗೂ ಮನೆಯ ಕಡೆ ಗಮನ, ಶನಿವಾರ ಕೈತುಂಬ ಕೆಲಸ. ಸಂಬಳ, ರಜೆ, ರಿಪೇರಿಯ ಮಾತು ಈ ಕೂಟಕ್ಕೆ ಬರಬಾರದು, ಅದಕ್ಕೆ ಬೇರೆ ದಿನ ಇಡಿ. ಎರಡನ್ನೂ ಬೆರೆಸಿದರೆ ರಿಪೇರಿಯೇ ಇಡೀ ಹೊತ್ತನ್ನು ನುಂಗುತ್ತದೆ. ಮೇಜಿನ ತಲೆಯಲ್ಲಿ ಯಾರೂ ಕೂರುವುದು ಬೇಡ, ಕುರ್ಚಿಗಳನ್ನು ವೃತ್ತವಾಗಿ ಹಾಕಿ. ಚಹಾ ಮೊದಲೇ ಬರಲಿ. ಅದನ್ನು ಪ್ರತಿಸಲ ಒಬ್ಬರೇ ಮಾಡಿ ತರುವಂತಾದರೆ ಆ ಒಬ್ಬರು ಅರ್ಧ ಕೂಟ ಅಡುಗೆಮನೆಯಲ್ಲೇ ಇರುತ್ತಾರೆ. ಹೊರಗಿನಿಂದ ತರಿಸಿ, ಇಲ್ಲವೇ ಸರದಿ ಮಾಡಿ.

ಒಂದು ಕೂಟಕ್ಕೆ ಒಂದೇ ಪ್ರಶ್ನೆ ಇಡಿ. ‘ಸಭೆ ಬೆಳೆಯಲು ಏನು ಮಾಡೋಣ?’ ಎಂದರೆ ಎಲ್ಲರೂ ಅಯ್ಯನವರ, ಅಂದರೆ ಸಭಾಪಾಲಕರ, ಮುಖ ನೋಡುತ್ತಾರೆ. ‘ಮೊದಲ ಸಲ ಬಂದವರು ಗೇಟಿನಿಂದ ಬೆಂಚಿನವರೆಗೆ ಬರುವಾಗ ಎಲ್ಲಿ ತಡವರಿಸುತ್ತಾರೆ?’ ಎಂದು ಕೇಳಿದರೆ ಕಾವಲಿನವರಿಗೂ ಹೇಳಲು ಸಂಗತಿ ಇರುತ್ತದೆ. ಪ್ರಶ್ನೆ ಇಟ್ಟ ಮೇಲೆ 3 ನಿಮಿಷ ಮೌನ. ಬರೆಯಬಲ್ಲವರು ಚೀಟಿಯಲ್ಲಿ ಬರೆದುಕೊಳ್ಳಲಿ, ಬರೆಯಲು ಸಂಕೋಚವಿರುವವರು ಪಕ್ಕದವರಿಗೆ ಮೆಲ್ಲಗೆ ಹೇಳಲಿ. ಆಮೇಲೆ ಒಬ್ಬೊಬ್ಬರಿಗೆ ಎರಡೆರಡು ನಿಮಿಷ. ಇತ್ತೀಚೆಗೆ ಕೆಲಸಕ್ಕೆ ಸೇರಿದವರು ಮೊದಲು, ಸಭಾಪಾಲಕರು ಎಲ್ಲರಿಗಿಂತ ಕೊನೆಗೆ. ಈ ಒಂದು ನಿಯಮವನ್ನು ಮಾತ್ರ ಸಡಿಲಿಸಬೇಡಿ. ಹಿರಿಯರು ಒಂದು ಅಭಿಪ್ರಾಯ ಹೇಳಿದ ಮೇಲೆ ಅದಕ್ಕೆ ಬೇರೆ ಮಾತು ಹೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಹಾಗಾಗಿ ಅಯ್ಯನವರು ಮೊದಲು ಮಾತಾಡಿದರೆ ಕೂಟ ಅಲ್ಲಿಗೇ ಮುಗಿಯಿತು. ತುಳು, ಕೊಂಕಣಿ, ತಮಿಳು, ಯಾವ ಭಾಷೆಯಲ್ಲಿ ಮಾತು ಸರಾಗವೋ ಅದರಲ್ಲೇ ಆಡಲಿ, ತಿಳಿದವರು ಕನ್ನಡದಲ್ಲಿ ಹೇಳಿದರಾಯಿತು.

ಬಂದ ಮಾತನ್ನೆಲ್ಲ ಗುಮಾಸ್ತರು ಒಂದು ದಪ್ಪ ನೋಟ್‌ಪುಸ್ತಕದಲ್ಲಿ ಹೇಳಿದವರ ಹೆಸರು, ತಾರೀಖಿನ ಸಮೇತ ಬರೆಯಬೇಕು. ‘ಇದು ಆಗುವುದಿಲ್ಲ’ ಎಂಬ ಮಾತು ಆ ದಿನ ಬೇಡ.

ಒಂದನ್ನು ಆರಿಸಿ, 4 ವಾರ ನೋಡಿ

ಒಂದು ತಿಂಗಳಿಗೆ ಒಂದೇ ಯೋಚನೆ ಸಾಕು. ಕಮಿಟಿಯ ಒಪ್ಪಿಗೆಯನ್ನು ಪ್ರತಿ ಯೋಚನೆಗೂ ಬೇರೆಬೇರೆಯಾಗಿ ಕೇಳಲು ಹೋಗಬೇಡಿ. ವರ್ಷದ ಬಜೆಟ್ ಮಂಡಿಸುವಾಗಲೇ ‘ಸಿಬ್ಬಂದಿಯ ಪ್ರಯೋಗ’ ಎಂಬ ಬಾಬ್ತಿನಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ 18,000 ರೂಪಾಯಿ ಇಡಿಸಿಕೊಳ್ಳಿ. ಆ ಮಿತಿಯೊಳಗಿನ ಖರ್ಚಿಗೆ ಖಜಾಂಚಿಗೆ ಬಿಲ್ಲು ಕೊಟ್ಟರೆ ಸಾಕು ಎಂದು ನಿರ್ಣಯದಲ್ಲಿ ಬರೆಸಿ. 200 ರೂಪಾಯಿಯ ಬಣ್ಣದ ಕಾಗದಕ್ಕೆ ಕಮಿಟಿಯನ್ನು ಎರಡು ತಿಂಗಳು ಕಾಯುವಂತಾದರೆ ಎಂಥವರ ಉತ್ಸಾಹವೂ ಉಳಿಯುವುದಿಲ್ಲ.

ಹಣಕ್ಕಿಂತ ಹೊತ್ತು ಮುಖ್ಯ. ಯೋಚನೆ ಹೇಳಿದವರ ತಲೆಗೇ ಕೆಲಸ ಕಟ್ಟಿ, ಇದ್ದ ಕೆಲಸವನ್ನೂ ಹಾಗೇ ಉಳಿಸುವುದು ಎಲ್ಲೆಡೆ ನಡೆಯುವ ತಪ್ಪು. ಮುಂದಿನ ಸಲ ಅವರು ಸುಮ್ಮನಿರುತ್ತಾರೆ, ಅದು ಸರಿಯೂ ಹೌದು. ವಾರಕ್ಕೆ 2 ಗಂಟೆಯ ಮಾಮೂಲಿ ಕೆಲಸವನ್ನು ಅವರಿಂದ ತೆಗೆದು ಬೇರೆಯವರಿಗೆ ಹಂಚಿ, ಅಥವಾ ಆ 4 ವಾರದ ಮಟ್ಟಿಗೆ ಬಿಟ್ಟುಬಿಡಿ.

ಒಂದು ಉದಾಹರಣೆ ನೋಡಿ. ಕ್ರಿಸ್ಮಸ್‌ಗೆ ಯೇಸುವಿನ ಜನನದ ದೃಶ್ಯ ತೋರಿಸುವ ಗೋದಲಿಯಲ್ಲಿ ಪ್ಲಾಸ್ಟಿಕ್ ಹುಲ್ಲಿನ ಬದಲು ನಿಜವಾದ ಹಸಿರು ಬೆಳೆಸೋಣ ಎಂದು ತೋಟದವರು ಹೇಳಿದರು ಎನ್ನಿ. ಅರ್ಧ ಕಿಲೊ ರಾಗಿಯನ್ನು ಡಿಸೆಂಬರ್ 11ರ ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು, ತಳಕ್ಕೆ ತೂತಿರುವ ಅಗಲವಾದ ಟ್ರೇಗಳಲ್ಲಿ ಎರಡು ಇಂಚು ತೆಂಗಿನನಾರಿನ ಪುಡಿ ಹರಡಿ ಬಿತ್ತಬೇಕು. ಎರಡು ದಿನ ಒದ್ದೆ ಗೋಣಿ ಮುಚ್ಚಿ, ಮೊಳಕೆ ಕಂಡ ಕೂಡಲೇ ಬೆಳಕಿಗೆ ತರಬೇಕು. ಕತ್ತಲಲ್ಲೇ ಉಳಿದರೆ ಹಳದಿಯಾಗಿ ಮಲಗಿಬಿಡುತ್ತದೆ. ಬೆಳಿಗ್ಗೆ ಸಂಜೆ ನೀರು ಚಿಮುಕಿಸಿದರೆ ಸಾಕು, ಸುರಿದರೆ ಬೂಷ್ಟು ಹಿಡಿಯುತ್ತದೆ. 24ರ ಹೊತ್ತಿಗೆ ಗೋದಲಿಗೆ ಹೊಂದುವ ಹಸಿರು ಸಿದ್ಧ. ಖರ್ಚು ಕೆಲವೇ ನೂರು ರೂಪಾಯಿ. ಇಲ್ಲಿ ಸಂಡೇ ಸ್ಕೂಲಿನ ಮಕ್ಕಳ ಕೈಯಿಂದ ನೀರು ಹಾಕಿಸುವ ಯೋಚನೆ ಆರ್ಗನ್ ನುಡಿಸುವವರದಾಗಿರಬಹುದು, ರಾಗಿ ಮೊಳೆಯುವ ಬಗೆಯನ್ನು ಆರಾಧನೆಯ ಪ್ರಸಂಗಕ್ಕೆ (ಉಪದೇಶಕ್ಕೆ) ತಂದುಕೊಳ್ಳುವುದು ಸಭಾಪಾಲಕರದು. ಒಬ್ಬರ ಯೋಚನೆ ಹೀಗೆ ಮೂವರ ಕೈ ಸೇರುವುದನ್ನು ನೋಡುವುದೇ ಸಂತೋಷ.

4 ವಾರ ಕಳೆದ ಮೇಲೆ ಮೂರು ಮಾತು ಸಾಕು: ಏನಾಯಿತು, ಏನು ಆಗಲಿಲ್ಲ, ಮುಂದುವರಿಸೋಣವೇ. ಬಿದ್ದುಹೋದ ಪ್ರಯೋಗಕ್ಕೆ ವಿವರಣೆ ಕೇಳುವ ಧ್ವನಿ ಬೇಡ. ಕೈಬಿಟ್ಟದ್ದರ ಕಾರಣವನ್ನೂ ಪುಸ್ತಕದಲ್ಲಿ ಬರೆದಿಡಿ.

ಹೆಸರು ಹೇಳಿ

ಆರಾಧನೆಯ ಪ್ರಕಟಣೆಗಳಲ್ಲಿ ‘ಸಭೆಯ ವತಿಯಿಂದ’ ಎನ್ನುವ ಬದಲು ಯಾರ ಯೋಚನೆ ಎಂದು ಹೆಸರು ಹೇಳಿ. ಹೇಳುವ ಮುಂಚೆ ಅವರನ್ನು ಕೇಳಿ, ಎಲ್ಲರ ಮುಂದೆ ನಿಲ್ಲಲು ಕೆಲವರಿಗೆ ಹಿಂಜರಿಕೆ ಇರುತ್ತದೆ. ವಾರ್ಷಿಕ ವರದಿಯಲ್ಲೂ ಆ ಹೆಸರು ಬರಲಿ. ಬಹುಮಾನ, ಸ್ಪರ್ಧೆ ಬೇಡವೇ ಬೇಡ. ಚಿಕ್ಕ ಸಿಬ್ಬಂದಿಯಲ್ಲಿ ಒಬ್ಬರಿಗೆ ಶಾಲು ಹೊದಿಸಿದರೆ ಉಳಿದವರೆಲ್ಲರ ಮನಸ್ಸು ಮುದುಡುತ್ತದೆ.

ಶುರುಮಾಡಲು ಜೂನ್ ಒಳ್ಳೆಯ ತಿಂಗಳು. ಈಸ್ಟರ್‌ನ ಓಡಾಟ ಮುಗಿದಿರುತ್ತದೆ, ಕ್ರಿಸ್ಮಸ್ ದೂರವಿರುತ್ತದೆ. ಡಿಸೆಂಬರಿನಲ್ಲಿ ಹೊಸ ಕೂಟ ಕರೆಯಬೇಡಿ, ಹಿಂದೆ ಒಪ್ಪಿಕೊಂಡದ್ದನ್ನು ಮಾಡಿದರೆ ಸಾಕು.

ಇನ್ನು ಆ ನೋಟ್‌ಪುಸ್ತಕ. ಸಭಾಪಾಲಕರಿಗೆ ಕೆಲವು ವರ್ಷಕ್ಕೊಮ್ಮೆ ವರ್ಗವಾಗುತ್ತದೆ, ಗಂಟೆ ಬಾರಿಸುವವರು ಹೆಚ್ಚಾಗಿ ಅಲ್ಲೇ ಇರುತ್ತಾರೆ. ಹೊಸಬರು ಬಂದಾಗ ಎಲ್ಲವನ್ನೂ ಮೊದಲಿನಿಂದ ಹೇಳುವ ಪಾಡು ಅವರಿಗೆ ಬರಬಾರದು. ಅದಕ್ಕೇ ಅಧಿಕಾರ ವಹಿಸಿಕೊಡುವ ದಿನ ದೀಕ್ಷಾಸ್ನಾನ, ವಿವಾಹ, ಸಮಾಧಿ ರಿಜಿಸ್ಟರ್‌ಗಳ ಜೊತೆಗೆ ಈ ಪುಸ್ತಕವನ್ನೂ ಪಟ್ಟಿಯಲ್ಲಿ ಸೇರಿಸಿ, ಸಹಿ ಹಾಕಿಸಿ ಕೊಡಿ.